ಮೀನು ಓದಲು ಹೋಗಿ ನೀರು ಓದಿದ್ದು

ಬೆಂಗಳೂರಿನ ಒಂದು ಡಿಗ್ರಿ ಕಾಲೇಜಿನಲ್ಲಿ ಬಿಎಸ್ಸಿ ಮಕ್ಕಳ ಎದುರು ಆಡಿದ ಮಾತುಗಳ ಬರಹ ರೂಪ ಇದು. ಅವತ್ತು ಅರ್ಧದಲ್ಲಿ ಕರೆಂಟ್ ಹೋಗಿ ಮೈಕ್ ನಿಂತಿತು. ಹಿಂದಿನ ಬೆಂಚಿನವರಿಗೆ ಕೇಳಿಸದೇ ಹೋದ ಭಾಗವನ್ನು ಇಲ್ಲಿ ಸ್ವಲ್ಪ ಬಿಡಿಸಿ ಬರೆದಿದ್ದೇನೆ.

ಎಲ್ಲರಿಗೂ ನಮಸ್ಕಾರ. ಹೊರಗಿನ ಬ್ಯಾನರ್‌ನಲ್ಲಿ ‘ಸಿಹಿನೀರು ಜೀವಶಾಸ್ತ್ರ ಮತ್ತು ಮೀನುಗಾರಿಕೆ: ಪದವಿ ಹಂತದ ಅವಕಾಶಗಳು’ ಅಂತ ಹಾಕಿದ್ದಾರೆ. ಅವಕಾಶಗಳ ಬಗ್ಗೆ ಕೊನೆಗೆ ಐದು ನಿಮಿಷ ಮಾತಾಡುತ್ತೇನೆ. ಅದಕ್ಕಿಂತ ಜಾಸ್ತಿ ಹೇಳುವಂಥದ್ದು ಅದರಲ್ಲಿ ಏನೂ ಇಲ್ಲ. ಉಳಿದ ಹೊತ್ತು ನೀರಿನ ಮಾತು.

ಪಿಯುಸಿ ಮುಗಿಸಿ ನಾನು ಮೀನುಗಾರಿಕೆ ಕಾಲೇಜಿಗೆ ಸೇರಿದಾಗ ನಮ್ಮ ದೊಡ್ಡಮ್ಮ ಕೇಳಿದ್ದು ಒಂದೇ ಪ್ರಶ್ನೆ. ‘ಮೀನು ಹಿಡಿಯೋಕೂ ಡಿಗ್ರಿ ಬೇಕೇನೇ?’ ನಮ್ಮದು ಮೀನು ತಿನ್ನುವ ಮನೆಯೇ. ಭಾನುವಾರ ಬೆಳಗ್ಗೆ ಸೈಕಲ್ ಹಿಂದೆ ಬುಟ್ಟಿ ಕಟ್ಟಿಕೊಂಡು ಕೆರೆ ಮೀನು ಮಾರುವವರು ಬರುತ್ತಿದ್ದರು. ಕಿವಿರು ಎತ್ತಿ ನೋಡಿ ತಾಜಾ ಹೌದೋ ಅಲ್ಲವೋ ಅಂತ ಹೇಳುವುದನ್ನು ನನಗೆ ಕಲಿಸಿದ್ದೇ ದೊಡ್ಡಮ್ಮ. ಹಾಗಾಗಿ ಅವರ ಪ್ರಶ್ನೆಯಲ್ಲಿ ಕುಹಕ ಇರಲಿಲ್ಲ. ನಿಜಕ್ಕೂ ಅನುಮಾನ ಇತ್ತು. ನನ್ನ ಹತ್ತಿರ ಉತ್ತರವೂ ಇರಲಿಲ್ಲ.

ಹಿಡಿಯೋಕೆ ಡಿಗ್ರಿ ಬೇಡ, ನಿಜ. ಬೀಸುಬಲೆ ಎಸೆಯುವ ವಿದ್ಯೆಯಲ್ಲಿ ನಮ್ಮ ಬೆಸ್ತರ ಮುಂದೆ ಯಾವ ಪ್ರೊಫೆಸರೂ ನಿಲ್ಲುವುದಿಲ್ಲ. ದೊಡ್ಡಮ್ಮನಿಗೆ ಕೊಡಬಹುದಾದ ಉತ್ತರ ನನಗೆ ಸಿಕ್ಕಿದ್ದು ಓದು ಮುಗಿದು ಕೆಲವು ವರ್ಷದ ಮೇಲೆ, ಒಂದು ಕೆರೆ ಏರಿಯಲ್ಲಿ.

ಊರಿನ ಉತ್ತರ ಭಾಗದ ಕೆರೆ ಅದು. ಹೆಸರು ಬೇಡ. ಏಪ್ರಿಲ್ ತಿಂಗಳು. ಬೆಳಗ್ಗೆ ಐದೂವರೆಗೆ ಕೆರೆ ಗುತ್ತಿಗೆ ಹಿಡಿದಿದ್ದವರ ಫೋನು. ‘ಮೇಡಂ, ಯಾರೋ ವಿಷ ಹಾಕ್ಬಿಟ್ಟವ್ರೆ. ಮೀನೆಲ್ಲ ತೇಲ್ತಾ ಐತೆ.’ ನಾನು ಹೋಗುವಷ್ಟರಲ್ಲಿ ಏರಿ ತುಂಬ ಜನ. ಪೊಲೀಸ್ ಕಂಪ್ಲೇಂಟ್ ಕೊಡುವ ಮಾತು ನಡೆದಿತ್ತು. ಯಾರ ಮೇಲೆ ಅನ್ನುವುದೂ ತೀರ್ಮಾನ ಆಗಿತ್ತು. ಹಿಂದಿನ ವರ್ಷ ಹರಾಜಿನಲ್ಲಿ ಕೆರೆ ಕೈತಪ್ಪಿದವನ ಮೇಲೆ.

ಪಕ್ಕದಲ್ಲಿ ಒಬ್ಬರು ವಯಸ್ಸಾದ ಬೆಸ್ತರು ಬೀಡಿ ಸೇದುತ್ತಾ ಕೂತಿದ್ದರು. ಅವರನ್ನು ಯಾರೂ ಏನೂ ಕೇಳಿರಲಿಲ್ಲ. ನಾನು ಬಾಟಲಿ ತೆಗೆಯುವುದನ್ನು ನೋಡಿ ಮೆಲ್ಲಗೆ ಅಂದರು: ‘ವಿಷ ಆಗಿದ್ರೆ ಕೊರವ ಮೀನೂ ಸಾಯ್ಬೇಕಿತ್ತಲ್ಲಮ್ಮಾ?’

ಆ ಒಂದು ಮಾತಿನಲ್ಲಿ ಒಂದು ಸೆಮಿಸ್ಟರ್‌ನ ಪಾಠ ಇದೆ. ಸತ್ತ ಮೀನುಗಳನ್ನು ನೋಡಿದೆ. ಹೆಚ್ಚಿನವು ದೊಡ್ಡ ಕಾಟ್ಲಾ, ದೊಡ್ಡ ರೋಹು. ಸಣ್ಣ ಮೀನುಗಳು ಅಂಚಿನಲ್ಲಿ ಮೂತಿ ಮೇಲೆತ್ತಿ ಬಾಯಿ ಬಡಿಯುತ್ತಿದ್ದವು. ಕೊರವ ಒಂದೂ ಸತ್ತಿರಲಿಲ್ಲ. ಕೊರವಕ್ಕೆ ಕಿವಿರಿನ ಮೇಲೆ ಒಂದು ಪುಟ್ಟ ಗಾಳಿಗೂಡು ಇದೆ. ಮೇಲೆ ಬಂದು ಒಂದು ಗುಟುಕು ಗಾಳಿ ನುಂಗಿ ಹೋಗುತ್ತದೆ. ನೀರಿನಲ್ಲಿ ಆಮ್ಲಜನಕ ತೀರಿದರೂ ಅದರ ಕೆಲಸ ನಡೆಯುತ್ತದೆ. ವಿಷಕ್ಕೆ ಈ ಭೇದ ಇಲ್ಲ. ಚಿಕ್ಕದು ದೊಡ್ಡದು, ಗಾಳಿ ನುಂಗುವುದು ನುಂಗದ್ದು ಅಂತ ಅದು ನೋಡಲ್ಲ. ಆಮ್ಲಜನಕದ ಕೊರತೆ ಮಾತ್ರ ಹೀಗೆ ಆರಿಸಿ ಹೊಡೆಯುತ್ತದೆ. ದೊಡ್ಡವು ಮೊದಲು, ಅದೂ ಬೆಳಗಿನ ಜಾವ.

ಈಗ ಬಾಟಲಿಯ ಕಥೆ. ನೀರಿನಲ್ಲಿ ಕರಗಿದ ಆಮ್ಲಜನಕ ಅಳೆಯಲು ಈಗ ಮೀಟರ್ ಇದೆ. ಆದರೂ ನಾನು ಹಳೇ ವಿಧಾನವನ್ನೇ ಮೊದಲು ಕಲಿಯಿರಿ ಅನ್ನುತ್ತೇನೆ. 1888ರಲ್ಲಿ ವಿಂಕ್ಲರ್ ಅನ್ನುವ ಹಂಗೇರಿಯ ರಸಾಯನಶಾಸ್ತ್ರಜ್ಞ ಹೇಳಿಕೊಟ್ಟಿದ್ದು. ಗಾಜಿನ ಬಿರಡೆ ಇರುವ ಬಾಟಲಿಯಲ್ಲಿ ಕೆರೆ ನೀರು ತುಂಬಬೇಕು. ಒಳಗೆ ಒಂದು ಗುಳ್ಳೆಯೂ ಇರಬಾರದು. ಅಲ್ಲೇ ದಡದಲ್ಲೇ ಮೊದಲು ಮ್ಯಾಂಗನೀಸ್ ಸಲ್ಫೇಟ್, ಆಮೇಲೆ ಕ್ಷಾರ ಬೆರೆತ ಅಯೋಡೈಡ್ ಹಾಕಿ ಬಿರಡೆ ಒತ್ತಿ ಅಲ್ಲಾಡಿಸಬೇಕು. ನೀರಿನಲ್ಲಿ ಆಮ್ಲಜನಕ ಇದ್ದರೆ ಕಂದು ಬಣ್ಣದ ಗಷ್ಟು ಇಳಿಯುತ್ತದೆ. ಲ್ಯಾಬಿಗೆ ತಂದು ಆಸಿಡ್ ಹಾಕಿದರೆ ಗಷ್ಟು ಕರಗಿ ನೀರು ಹಳದಿ ಆಗುತ್ತದೆ. ಅದಕ್ಕೆ ಸ್ವಲ್ಪ ಗಂಜಿ ಹಾಕಿದರೆ ನೀಲಿ. ಆಮೇಲೆ ಥಯೋಸಲ್ಫೇಟ್ ಹನಿಹನಿಯಾಗಿ ಬಿಡುತ್ತಾ ಹೋದರೆ ಒಂದು ಹನಿಗೆ ನೀಲಿ ಪಟಕ್ಕನೆ ಮಾಯ. ಎಷ್ಟು ಥಯೋಸಲ್ಫೇಟ್ ಖರ್ಚಾಯಿತು ಅನ್ನುವುದರ ಮೇಲೆ ಲೆಕ್ಕ.

ಆ ಬೆಳಗ್ಗೆ ಲ್ಯಾಬ್‌ವರೆಗೆ ಹೋಗುವ ಅಗತ್ಯವೇ ಬೀಳಲಿಲ್ಲ. ಬಾಟಲಿಯಲ್ಲಿ ಇಳಿದ ಗಷ್ಟು ಬೆಳ್ಳಗೆ ಇತ್ತು. ಹಾಲಿನ ಹಾಗೆ. ಬಿಳಿ ಅಂದರೆ ಆಮ್ಲಜನಕ ಇಲ್ಲ. ಗುತ್ತಿಗೆದಾರರ ಕೈಗೇ ಬಾಟಲಿ ಕೊಟ್ಟೆ. ಕಂಪ್ಲೇಂಟ್ ವಿಷಯ ಅಲ್ಲಿಗೆ ನಿಂತಿತು. ಮೀಟರ್ ತೋರಿಸಿದ್ದರೆ ಅವರು ನಂಬುತ್ತಿದ್ದರೋ ಇಲ್ಲವೋ, ಗೊತ್ತಿಲ್ಲ.

ಅಂದ ಹಾಗೆ ಮೊದಲ ವರ್ಷದಲ್ಲಿ ಇದೇ ಪ್ರಯೋಗದಲ್ಲಿ ನಾನು ಫೇಲು. ಬಾಟಲಿಯ ಕತ್ತಿನಲ್ಲಿ ಕಡಲೆಕಾಳಿನಷ್ಟು ಗುಳ್ಳೆ ಬಿಟ್ಟಿದ್ದೆ. ಅಷ್ಟು ಗುಳ್ಳೆಯಿಂದ ಏನಾಗುತ್ತೆ ಅಂತ ವಾದ ಬೇರೆ ಮಾಡಿದೆ. ಲೆಕ್ಕ ಹಾಕಿ. ಬೆಂಗಳೂರಿನ ಒಂದು ಲೀಟರ್ ಗಾಳಿಯಲ್ಲಿ ಸುಮಾರು 250 ಮಿಲಿಗ್ರಾಂ ಆಮ್ಲಜನಕ ಇದೆ. ಒಂದು ಲೀಟರ್ ನೀರು 25 ಡಿಗ್ರಿ ಬಿಸಿಯಲ್ಲಿ ಹಿಡಿದಿಟ್ಟುಕೊಳ್ಳುವುದು ಏಳೂವರೆ ಮಿಲಿಗ್ರಾಂ ಹತ್ತಿರ ಅಷ್ಟೇ. ಸಮುದ್ರ ಮಟ್ಟದಲ್ಲಾದರೆ ಎಂಟು ದಾಟುತ್ತದೆ. ನಾವು ಸುಮಾರು 900 ಮೀಟರ್ ಎತ್ತರದಲ್ಲಿದ್ದೇವೆ, ಗಾಳಿಯ ಒತ್ತಡ ಕಡಿಮೆ, ಅದಕ್ಕೆ ನಮ್ಮ ಕೆರೆಗಳಿಗೆ ಹತ್ತರಲ್ಲಿ ಒಂದು ಪಾಲು ಮೊದಲೇ ಕಟ್. ಅಂದರೆ ನಾವು ಉಸಿರಾಡುವುದಕ್ಕಿಂತ ಮೂವತ್ತು ಪಟ್ಟು ತೆಳ್ಳಗಿನ ಉಸಿರಿನಲ್ಲಿ ಮೀನು ಬದುಕಬೇಕು. ಆ ಲೋಕದಲ್ಲಿ ಕಡಲೆಕಾಳು ಗಾತ್ರದ ಗಾಳಿ ಸಣ್ಣದಲ್ಲ.

ಸರಿ, ಆ ಕೆರೆಯಲ್ಲಿ ಆಮ್ಲಜನಕ ಎಲ್ಲಿ ಹೋಯಿತು? ಇಲ್ಲಿ ಸಭೆಯಲ್ಲಿ ಒಬ್ಬ ಹುಡುಗ ‘ಕೊಳಚೆ ಮೇಡಂ’ ಅಂದ. ಹೌದು. ಆದರೆ ಕೊಳಚೆ ದಿನವೂ ಬರುತ್ತಿತ್ತು. ಅವತ್ತೇ ಯಾಕೆ?

ಕೆರೆ ನೀರು ಹಸಿರಾಗಿ ಕಾಣುತ್ತದಲ್ಲ, ಅದು ಪಾಚಿ. ಕಣ್ಣಿಗೆ ಬಿಡಿಯಾಗಿ ಕಾಣದ ಕೋಟಿಗಟ್ಟಲೆ ಗಿಡ. ಕೊಳಚೆ ಅಂದರೆ ಅದಕ್ಕೆ ಗೊಬ್ಬರ. ಹಗಲು ಬಿಸಿಲಿಗೆ ಅದು ಆಮ್ಲಜನಕ ಬಿಡುತ್ತಲೇ ಇರುತ್ತದೆ. ಮಧ್ಯಾಹ್ನ ಮೂರರ ಹೊತ್ತಿಗೆ ನೀರು ಹಿಡಿಯಬೇಕಾದ್ದಕ್ಕಿಂತ ಜಾಸ್ತಿ ಆಮ್ಲಜನಕ ಇರುವುದೂ ಉಂಟು. ರಾತ್ರಿ ಅದೇ ಪಾಚಿ ಮೀನಿನ ಹಾಗೇ ಉಸಿರಾಡುತ್ತದೆ, ಏನೂ ಬಿಡುವುದಿಲ್ಲ. ತಳದ ಕೆಸರು ಕೊಳೆಯುತ್ತಾ ಅದೂ ತಿನ್ನುತ್ತದೆ. ಹಗಲು ಸಂಪಾದನೆ, ರಾತ್ರಿ ಖರ್ಚು. ಸೂರ್ಯ ಹುಟ್ಟುವ ಮುಂಚಿನ ಒಂದು ಗಂಟೆ ಖಜಾನೆ ಪೂರ್ತಿ ಬರಿದಾಗುವ ಹೊತ್ತು. ಆ ವಾರ ಎರಡು ದಿನ ಮೋಡ. ಹಗಲಿನ ಸಂಪಾದನೆ ಇಲ್ಲ. ಹಿಂದಿನ ಸಂಜೆ ವರ್ಷದ ಮೊದಲ ಜೋರು ಮಳೆ. ರಾಜಕಾಲುವೆಯಲ್ಲಿ ನಾಲ್ಕು ತಿಂಗಳಿಂದ ಕೂತಿದ್ದ ಕೊಳೆಯೆಲ್ಲ ಒಂದೇ ಸಲ ಕೆರೆಗೆ. ಬೆಳಗಾಗುವ ತನಕ ಆಮ್ಲಜನಕ ಉಳಿಯಲಿಲ್ಲ.

2016ರ ಮಾರ್ಚ್‌ನಲ್ಲಿ ಹಲಸೂರು ಕೆರೆಯಲ್ಲಿ ಸಾವಿರಾರು ಮೀನು ಸತ್ತು ದಡಕ್ಕೆ ಬಂದಿದ್ದು ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಬೆಂಗಳೂರಿನಲ್ಲಿ ಬೇಸಿಗೆ ಬಂದರೆ ಇಂಥ ಸುದ್ದಿ ಎಲ್ಲಾದರೂ ಇದ್ದೇ ಇರುತ್ತದೆ. ಪೇಪರಿನಲ್ಲಿ ‘ಆಮ್ಲಜನಕದ ಕೊರತೆ’ ಅಂತ ಒಂದು ಸಾಲು ಬಂದು ವಿಷಯ ಮುಗಿಯುತ್ತದೆ. ನೀವು ಕೇಳಬೇಕಾದ್ದು ಆ ಸಾಲಿನ ಮುಂದಿನ ಪ್ರಶ್ನೆ. ಎಷ್ಟು ಹೊತ್ತಿಗೆ ಅಳೆದರು? ಸರ್ಕಾರಿ ಜೀಪು ಹನ್ನೊಂದು ಗಂಟೆಗೆ ಬಂದು ನೀರು ತುಂಬಿಕೊಂಡು ಹೋದರೆ ರಿಪೋರ್ಟಿನಲ್ಲಿ ಕೆರೆ ಚೆನ್ನಾಗಿಯೇ ಇರುತ್ತದೆ.

ಇನ್ನೊಂದು ತಮಾಷೆ ಇದೆ. ತಮಾಷೆ ಅಂದರೆ ನಮಗೆ, ಮೀನಿಗಲ್ಲ. ಹಗಲು ಪಾಚಿ ನೀರಿನಿಂದ ಇಂಗಾಲದ ಡೈಆಕ್ಸೈಡ್ ಎಳೆದುಕೊಳ್ಳುತ್ತದಲ್ಲ, ಆಗ ನೀರಿನ ಪಿಎಚ್ ಏರುತ್ತದೆ, ಅಂದರೆ ನೀರು ಕ್ಷಾರದ ಕಡೆ ವಾಲುತ್ತದೆ. ಕೊಳಚೆ ಕೆರೆಯಲ್ಲಿ ಅಮೋನಿಯಾ ಹೇಗೂ ಇದೆ. ಪಿಎಚ್ 7 ಇದ್ದಾಗ ಅದರಲ್ಲಿ ವಿಷದ ರೂಪದ್ದು ನೂರಕ್ಕೆ ಒಂದಕ್ಕಿಂತ ಕಡಿಮೆ. 8ಕ್ಕೆ ಬಂದರೆ ನೂರಕ್ಕೆ ಐದರಷ್ಟು. 9 ಆದರೆ ನೂರಕ್ಕೆ ಮೂವತ್ತೈದು ದಾಟುತ್ತದೆ. ನೀರಿಗೆ ಹೊಸದಾಗಿ ಏನೂ ಸೇರಿಲ್ಲ, ಆದರೂ ಮಧ್ಯಾಹ್ನ ಅದೇ ನೀರು ವಿಷ. ಬೆಳಗಿನ ಜಾವ ಉಸಿರು ಕಟ್ಟುವುದು, ಮಧ್ಯಾಹ್ನ ಅಮೋನಿಯಾ. ಇದರ ನಡುವೆಯೂ ನಮ್ಮ ಕೆರೆಗಳಲ್ಲಿ ಮೀನು ಇದೆ ಅಂದರೆ ಅವುಗಳ ಗಟ್ಟಿತನ ನೋಡಿ.

ಸರೋವರಶಾಸ್ತ್ರ ಅಂತ ಒಂದು ಪೇಪರ್ ಇರುತ್ತದೆ ನಮಗೆ. ಚೆನ್ನಾದ ವಿಷಯ. ಆದರೆ ಅದರ ಪಠ್ಯಪುಸ್ತಕಗಳ ಬುನಾದಿ ಚಳಿ ದೇಶದ ಆಳವಾದ ಸರೋವರಗಳು. ಮೇಲೆ ಮಂಜುಗಡ್ಡೆ, ಕೆಳಗೆ 4 ಡಿಗ್ರಿ ನೀರು, ವಸಂತದಲ್ಲಿ ಒಮ್ಮೆ ಶರತ್ಕಾಲದಲ್ಲಿ ಒಮ್ಮೆ ಮೇಲಿನ ನೀರು ಕೆಳಕ್ಕೆ, ಕೆಳಗಿನದು ಮೇಲಕ್ಕೆ ಮಗುಚುವುದು. ನಾವು ಅದನ್ನು ಉರು ಹೊಡೆದು ಬರೆದು ಪಾಸಾದೆವು. ಆಮೇಲೆ ನಮ್ಮೂರ ಕೆರೆಗೆ ಇಳಿದರೆ ಸೊಂಟದ ಮಟ್ಟ ನೀರು!

ಕೆರೆ ಸರೋವರ ಅಲ್ಲ. ಕೆರೆ ಮನುಷ್ಯ ಕಟ್ಟಿದ್ದು. ಅದಕ್ಕೆ ಏರಿ ಇದೆ, ತೂಬು ಇದೆ, ಕೋಡಿ ಇದೆ. ಬೆಂಗಳೂರಿಗೆ ಹೇಳಿಕೊಳ್ಳುವಂಥ ದೊಡ್ಡ ನದಿ ಇಲ್ಲ. ದಿಬ್ಬದ ಮೇಲಿನ ಊರು. ಮಳೆ ನೀರು ವೃಷಭಾವತಿ, ಕೋರಮಂಗಲ-ಚಲ್ಲಘಟ್ಟ, ಹೆಬ್ಬಾಳ ಅಂತ ಮೂರು ಕಣಿವೆಯಲ್ಲಿ ಇಳಿದುಹೋಗುತ್ತಿತ್ತು. ಅದನ್ನು ಮೆಟ್ಟಿಲು ಮೆಟ್ಟಿಲಾಗಿ ತಡೆದಿದ್ದೇ ನಮ್ಮ ಕೆರೆಗಳು. ಮೇಲಿನ ಕೆರೆ ಕೋಡಿ ಬಿದ್ದರೆ ಕೆಳಗಿನ ಕೆರೆಗೆ ನೀರು. ಆ ದಾರಿಯಲ್ಲಿ ಮೀನೂ ಹೋಗುತ್ತಿತ್ತು, ಬರುತ್ತಿತ್ತು. ಮಲೆನಾಡಿನವರು ಇಲ್ಲಿ ಯಾರಾದರೂ ಇದ್ದರೆ ಹತ್ತುಮೀನು ಅಂದರೆ ಗೊತ್ತಿರುತ್ತದೆ. ಮೊದಲ ಮಳೆಗೆ ನೀರಿಗೆ ಎದುರಾಗಿ ಹತ್ತಿ ಗದ್ದೆ, ಹಳ್ಳಕ್ಕೆ ಬರುವ ಮೀನು. ಹೊಟ್ಟೆ ತುಂಬ ಮೊಟ್ಟೆ ಇಟ್ಟುಕೊಂಡು ಬರುತ್ತದೆ. ಟಾರ್ಚ್ ಹಿಡಿದು ಕತ್ತಿಯಲ್ಲಿ ಕಡಿಯುತ್ತಾರೆ. ರುಚಿ ಅಂತೆ. ಮುಂದಿನ ವರ್ಷದ ಮೀನನ್ನೂ ಅವತ್ತೇ ತಿಂದ ಹಾಗೆ.

ಹಿಂದೆ ನಮ್ಮ ಕಡೆಯ ಬಹಳ ಕೆರೆಗಳು ಬೇಸಿಗೆಗೆ ಒಣಗುತ್ತಿದ್ದವು. ಹೂಳು ತೆಗೆದು ರೈತರು ಹೊಲಕ್ಕೆ ಹೊಡೆಯುತ್ತಿದ್ದರು. ಒಣಗುವುದು ರೋಗವಲ್ಲ, ಅದು ಕೆರೆಯ ಒಂದು ಋತು. ಈಗ ವರ್ಷವಿಡೀ ಕೊಳಚೆ ಬರುವುದರಿಂದ ನಗರದ ಕೆರೆ ಒಣಗುವುದೇ ಇಲ್ಲ. ನೋಡುವವರಿಗೆ ತುಂಬಿದ ಕೆರೆ, ಸಂತೋಷ. ಮೇಲೆ ಅಂತರಗಂಗೆ ಹಬ್ಬಿರುತ್ತದೆ, ಒಳಗೆ ಜಿಲೇಬಿ ಮೀನು. ಹೊರದೇಶದಿಂದ ಬಂದ ಜಿಲೇಬಿ ಮೀನು 1952ರಲ್ಲಿ ಭಾರತಕ್ಕೆ ಕಾಲಿಟ್ಟಿತು. ಈಗ ಅದಿಲ್ಲದ ಗುಂಡಿ ಇಲ್ಲ. ಅಕ್ವೇರಿಯಂ ಸಾಕಿ ಬೇಜಾರಾದವರು ಗಾಜು ನೆಕ್ಕುವ ಸಕರ್ ಮೀನನ್ನು ತಂದು ‘ಪಾಪ, ಬದುಕಿಕೊಳ್ಳಲಿ’ ಅಂತ ಕೆರೆಗೆ ಬಿಡುತ್ತಾರೆ. ದಯವಿಟ್ಟು ಬಿಡಬೇಡಿ. ಅದು ಬದುಕಿಕೊಳ್ಳುತ್ತದೆ, ತೊಂದರೆಯೇ ಅದು.

ಈಗ ಮೀನಿಗೆ ಬರೋಣ. ಕಾಟ್ಲಾ, ರೋಹು, ಮೃಗಾಲ್ ಮೂರನ್ನೂ ಪಕ್ಕಪಕ್ಕ ಇಟ್ಟು ಬಾಯಿ ನೋಡಿ. ಕಾಟ್ಲಾದ ಬಾಯಿ ಮೇಲಕ್ಕೆ ತೆರೆದಿದೆ. ಅದು ಮೇಲ್ನೀರಿನಲ್ಲಿ ತೇಲುವ ಸಣ್ಣ ಜೀವಿಗಳನ್ನು ಸೋಸಿ ತಿನ್ನುತ್ತದೆ. ರೋಹುವಿನ ತುಟಿಗೆ ಜಾಲರಿ ಅಂಚು. ನಡುನೀರಿನದು, ಗಿಡಕ್ಕೆ ಅಂಟಿದ್ದನ್ನು ಕೆರೆಯುತ್ತದೆ. ಮೃಗಾಲ್ ಬಾಯಿ ಕೆಳಕ್ಕೆ, ತಳದ ಕೆಸರಿಗೆ. ಒಂದೇ ಕೆರೆ, ಮೂರು ಮಹಡಿ, ಮೂರು ಬಾಡಿಗೆದಾರರು. ಮೂರನ್ನೂ ಒಟ್ಟಿಗೆ ಸಾಕುವ ಪದ್ಧತಿಯ ಗುಟ್ಟು ಇಷ್ಟೇ. ಹೊಟ್ಟೆ ಕೊಯ್ದರೆ ಇನ್ನೊಂದು ಆಶ್ಚರ್ಯ. ಈ ಗೆಂಡೆ ಜಾತಿಗೆ ನಮ್ಮ ಹಾಗೆ ಜಠರವೇ ಇಲ್ಲ. ಉದ್ದ ಕರುಳು ಮಾತ್ರ. ಹಲ್ಲು ಬಾಯಲ್ಲಿಲ್ಲ, ಗಂಟಲಲ್ಲಿದೆ. ಮೊದಲ ಸಲ ಬೆರಳು ಹಾಕಿ ಆ ಹಲ್ಲು ಮುಟ್ಟಿದಾಗ ನನ್ನ ಪಕ್ಕದಲ್ಲಿದ್ದ ಗೆಳತಿ ಕಿರುಚಿದಳು. ಹುಟ್ಟಾ ಸಸ್ಯಾಹಾರಿ. ಮೂರನೇ ವಾರಕ್ಕೆ ಕ್ಲಾಸಿನಲ್ಲಿ ಅವಳಷ್ಟು ನೀಟಾಗಿ ಕೊಯ್ಯುವವರು ಯಾರೂ ಇರಲಿಲ್ಲ.

ಹುರುಪೆಯ ಉಂಗುರ ಎಣಿಸಿ ಮೀನಿನ ವಯಸ್ಸು ಹೇಳಬಹುದು ಅಂತಲೂ ಓದುತ್ತೀರಿ. ಚಳಿಗಾಲದಲ್ಲಿ ಬೆಳವಣಿಗೆ ನಿಲ್ಲುವ ದೇಶದಲ್ಲಿ ವರ್ಷಕ್ಕೊಂದು ಉಂಗುರ ಸ್ಪಷ್ಟ. ಬೆಂಗಳೂರಿನ ಚಳಿಗೆ ಮೀನಿಗೇನೂ ಆಗುವುದಿಲ್ಲ. ಇಲ್ಲಿ ಮೊಟ್ಟೆ ಇಟ್ಟಾಗ, ಮೇವು ಸಿಗದಾಗ, ನೀರು ಕೆಟ್ಟಾಗ ಉಂಗುರ ಬೀಳಬಹುದು. ಎಣಿಸುವುದು ಸುಲಭ, ಅದು ಯಾವುದರ ಉಂಗುರ ಅಂತ ತಿಳಿಯುವುದು ಕಷ್ಟ.

ಈ ಮೂರು ಮೀನು ನಮ್ಮವೇ ಅಂತ ನೀವು ಅಂದುಕೊಂಡಿರಬಹುದು. ನಾನೂ ಅಂದುಕೊಂಡಿದ್ದೆ. ಇವು ಗಂಗಾ ಬಯಲಿನವು. ಕಾವೇರಿಯ ಮೂಲ ನಿವಾಸಿಗಳಲ್ಲ. ಮೂರಕ್ಕೂ ವೈಜ್ಞಾನಿಕ ಹೆಸರು ಕೊಟ್ಟಿದ್ದು ಹ್ಯಾಮಿಲ್ಟನ್, 1822ರಲ್ಲಿ. ಈ ಹ್ಯಾಮಿಲ್ಟನ್ ಬೇರೆ ಯಾರೂ ಅಲ್ಲ, ನಮ್ಮ ಇತಿಹಾಸ ಪುಸ್ತಕದಲ್ಲಿ ಬರುವ ಫ್ರಾನ್ಸಿಸ್ ಬುಕಾನನ್. ಟಿಪ್ಪು ಸತ್ತ ಮರುವರ್ಷ, 1800ರಲ್ಲಿ, ಮದ್ರಾಸಿನಿಂದ ಹೊರಟು ಬೆಂಗಳೂರು ಹಾಯ್ದು ಮೈಸೂರು ಸೀಮೆಯೆಲ್ಲ ತಿರುಗಿ ಬೆಳೆ, ಕೆರೆ, ಜಾತಿ, ಕಂದಾಯ ಎಲ್ಲ ಬರೆದುಕೊಂಡವನು. ಹೆಸರು ಬದಲಿಸಿಕೊಂಡಿದ್ದು ಆಮೇಲೆ. ಅವನು ಇಲ್ಲಿನ ಕೆರೆ ಏರಿಗಳ ಮೇಲೆ ಓಡಾಡಿದ ಕಾಲಕ್ಕೆ ಆ ಕೆರೆಗಳಲ್ಲಿ ಕಾಟ್ಲಾ ಇರಲಿಲ್ಲ. ಇನ್ನೂರು ವರ್ಷದ ಮೇಲೆ ಅವನು ಹೆಸರಿಟ್ಟ ಮೀನು ಇಲ್ಲಿ ‘ಕೆರೆ ಮೀನು’ ಆಗಿದೆ.

ಅದು ಹೇಗೆ ಬಂತು ಅನ್ನುವುದು ನನಗೆ ಬಹಳ ಇಷ್ಟದ ಕಥೆ. ಈ ಮೀನುಗಳು ನಿಂತ ನೀರಿನಲ್ಲಿ ದಪ್ಪಗಾಗುತ್ತವೆ, ಮೊಟ್ಟೆಯೂ ಕಟ್ಟುತ್ತವೆ, ಆದರೆ ಇಡುವುದಿಲ್ಲ. ಅವಕ್ಕೆ ಮಳೆಗಾಲದ ಹೊಳೆಯ ಪ್ರವಾಹ ಬೇಕು. ಹಾಗಾಗಿ ಮೊದಲು ಹೊಳೆಗಳಲ್ಲಿ ಮರಿ ಗೋರಿ, ಮಡಕೆಯಲ್ಲಿ ತುಂಬಿ ರೈಲಿನಲ್ಲಿ ಸಾಗಿಸುತ್ತಿದ್ದರು. ಅದರಲ್ಲಿ ಯಾವ ಯಾವ ಜಾತಿ ಬೆರೆತಿದೆ ಅಂತ ಮರಿ ಬೆಳೆದ ಮೇಲೇ ಗೊತ್ತಾಗುವುದು. 1957ರ ಜುಲೈ 10ರಂದು ಒಡಿಶಾದ ಅಂಗುಲ್‌ನಲ್ಲಿ ಮೀನು ವಿಜ್ಞಾನಿ ಹೀರಾಲಾಲ್ ಚೌಧುರಿ ಮತ್ತು ಜೊತೆಗಾರರು ಬೇರೆ ಮೀನಿನ ಮೆದುಳಿನ ಕೆಳಗಿರುವ ಪಿಟ್ಯುಟರಿ ಗ್ರಂಥಿಯನ್ನು ತೆಗೆದು, ಅರೆದು, ಅದರ ಸಾರವನ್ನು ಚುಚ್ಚಿದರು. ಹೊಳೆ ಇಲ್ಲದೆ ಮೀನು ಮೊಟ್ಟೆ ಇಟ್ಟಿತು. ಪ್ರವಾಹ ಬಂದಿದೆ ಅಂತ ದೇಹಕ್ಕೆ ಸುಳ್ಳು ಹೇಳಿದ ಹಾಗೆ. ಜುಲೈ 10 ಈಗ ರಾಷ್ಟ್ರೀಯ ಮೀನು ಕೃಷಿಕರ ದಿನ. ಈಗ ಗ್ರಂಥಿ ಅರೆಯುವ ಕೆಲಸ ಕಡಿಮೆ, ರೆಡಿ ಇಂಜೆಕ್ಷನ್ ಇದೆ. ಆದರೆ ನಮ್ಮ ಕಾಲಕ್ಕೆ ಗ್ರಂಥಿ ತೆಗೆಯುವ ಪ್ರಾಕ್ಟಿಕಲ್ ಇತ್ತು. ಮೀನಿನ ತಲೆ ಬಿಡಿಸಿ ಒಂದು ಅಕ್ಕಿ ನುಚ್ಚಿನಷ್ಟು ಬಿಳಿ ಚುಕ್ಕೆ ಹುಡುಕಬೇಕು. ಅರ್ಧ ಕ್ಲಾಸಿಗೆ ಅದು ಸಿಗಲೇ ಇಲ್ಲ.

ಆ ಒಂದು ಚುಚ್ಚುಮದ್ದು ದೇಶದ ಮೀನು ಸಾಕಣೆಯನ್ನೇ ಬದಲಿಸಿತು. ಒಳ್ಳೆಯದಾಯಿತು, ಅನುಮಾನವಿಲ್ಲ. ಆದರೆ ಎಲ್ಲಿಯ ಮೀನು ಎಲ್ಲಿ ಬೇಕಾದರೂ ಬಿಡಬಹುದು ಅನ್ನುವ ಧೈರ್ಯವೂ ಆಗಲೇ ಬಂತು. ಆ ಧೈರ್ಯಕ್ಕೆ ಕಾವೇರಿ ಬೆಲೆ ಕೊಟ್ಟಿದೆ.

ಕಾವೇರಿಯಲ್ಲಿ ಬೆನ್ನು ಗೂನಾದ, ಕಿತ್ತಳೆ ರೆಕ್ಕೆಯ ಮಹಶೀರ್ ಇತ್ತು. 1946ರಲ್ಲಿ ಕಬಿನಿಯಲ್ಲಿ ಗಾಳಕ್ಕೆ ಬಿದ್ದ ಒಂದು ಮೀನು 120 ಪೌಂಡ್ ತೂಗಿತು, ಅಂದರೆ 54 ಕಿಲೋ. ಮಹಶೀರ್ ಕಡಿಮೆಯಾಗುತ್ತಿದೆ ಅಂತ 1970ರ ದಶಕದಿಂದ ಮರಿ ತಂದು ಬಿಟ್ಟರು. ಒಳ್ಳೇ ಮನಸ್ಸಿನಿಂದಲೇ ಬಿಟ್ಟರು. ಆದರೆ ಬಿಟ್ಟಿದ್ದು ಲೋಣಾವಳದಲ್ಲಿ ಮರಿ ಮಾಡಿದ ನೀಲಿ ರೆಕ್ಕೆಯ ಇನ್ನೊಂದು ಜಾತಿ. ಅದು ಹೊಳೆಯಲ್ಲಿ ಚೆನ್ನಾಗಿ ಹೆಚ್ಚಿತು. ಗಾಳ ಹಾಕುವವರಿಗೆ ಮಹಶೀರ್ ಸಿಗುತ್ತಲೇ ಇತ್ತು, ಎಲ್ಲರಿಗೂ ಖುಷಿ. ಗೂನು ಬೆನ್ನಿನದು ಸದ್ದಿಲ್ಲದೆ ಇಲ್ಲವಾಗುತ್ತಾ ಬಂತು. ದುಃಖದ ವಿಷಯ ಏನು ಗೊತ್ತಾ? ಇಷ್ಟು ಹೆಸರುವಾಸಿ ಮೀನಿಗೆ ಸರಿಯಾದ ವೈಜ್ಞಾನಿಕ ಹೆಸರೇ ಗೊತ್ತುಮಾಡಿರಲಿಲ್ಲ. 2018ರಲ್ಲಿ ಅದು ಟೋರ್ ರೆಮಾದೇವಿ ಅಂತ ಖಚಿತವಾಯಿತು. ಅದೇ ವರ್ಷ ಅದು ಅಳಿವಿನ ತೀರಾ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೂ ಸೇರಿತು. ಜಾತಿ ಗುರುತಿಸುವ ಪಾಠ ಬೋರು, ಹುರುಪೆ ಎಣಿಸುವುದು ಬೋರು ಅನ್ನುವ ಮಕ್ಕಳಿಗೆ ನಾನು ಈ ಕಥೆ ಹೇಳುತ್ತೇನೆ.

ಆ ಬೋರು ಕೆಲಸವನ್ನು ಬೆಂಗಳೂರಿನಲ್ಲೇ ಕೂತು ಮಾಡಿದವರಿದ್ದಾರೆ. ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಪ್ರೊಫೆಸರ್ ಆಗಿದ್ದ ಸಿ.ಆರ್. ನಾರಾಯಣ ರಾವ್. ಕಪ್ಪೆಗಳ ಕೆಲಸಕ್ಕೆ ದೊಡ್ಡ ಹೆಸರು. ಮೈಸೂರು ಸೀಮೆಯ ಮೀನುಗಳ ಮೇಲೂ ಬರೆದರು. 1937ರಲ್ಲಿ ಮೀನು ವಿಜ್ಞಾನಿ ಸುಂದರ್ ಲಾಲ್ ಹೋರಾ ಕಾವೇರಿಯ ಒಂದು ಪುಟ್ಟ ಮೀನಿಗೆ ನಾರಾಯಣಿ ಅಂತ ಹೆಸರಿಟ್ಟರು. ಅದು ದೇವರ ಹೆಸರಲ್ಲ, ಈ ಪ್ರೊಫೆಸರ್ ಹೆಸರು.

ಇನ್ನು ಓದುವ ವಿಷಯ. ಮಂಗಳೂರಿನ ಮೀನುಗಾರಿಕೆ ಕಾಲೇಜು 1969ರಲ್ಲಿ ಶುರುವಾಯಿತು, ಆಗ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಅಡಿಯಲ್ಲಿ. ದೇಶದ ಮೊದಲ ಮೀನುಗಾರಿಕೆ ಕಾಲೇಜು ಅದು. ಈಗ ಬೀದರಿನ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದೆ. ನಾಲ್ಕು ವರ್ಷದ ಬಿಎಫ್‌ಎಸ್‌ಸಿ ಅಂದರೆ ಮೀನುಗಾರಿಕೆ ಪದವಿ, ಸಿಇಟಿ ಮೂಲಕ ಸೀಟು. ಮೀನಿನ ಅಂಗರಚನೆಯಿಂದ ಹಿಡಿದು ರೋಗ, ಆಹಾರ, ಸಂಸ್ಕರಣೆ, ಕೊಳ ಕಟ್ಟುವ ಇಂಜಿನಿಯರಿಂಗ್, ಮಾರುಕಟ್ಟೆ ಲೆಕ್ಕದವರೆಗೆ ಎಲ್ಲ ಇರುತ್ತದೆ. ಕೊನೆಯ ವರ್ಷ ಹಳ್ಳಿಯಲ್ಲಿ ಇದ್ದು ಕಲಿಯಬೇಕು. ನೀವು ಈಗಾಗಲೇ ಪ್ರಾಣಿಶಾಸ್ತ್ರದ ಬಿಎಸ್ಸಿಗೆ ಸೇರಿದ್ದೀರಿ, ಬಾಗಿಲು ಮುಚ್ಚಿತು ಅಂದುಕೊಳ್ಳಬೇಡಿ. ಜೀವಶಾಸ್ತ್ರ, ಪರಿಸರ, ಸಂಶೋಧನೆಯ ಕಡೆ ಹೋಗುವವರಿಗೆ ಎಂಎಸ್ಸಿ ದಾರಿ ಇದೆ. ಆದರೆ ಇಲಾಖೆಯ ಹುದ್ದೆಗಳಿಗೆ ಯಾವ ಡಿಗ್ರಿ ಕೇಳುತ್ತಾರೆ ಅಂತ ನೇಮಕಾತಿ ನಿಯಮವನ್ನೇ ತೆಗೆದು ಓದಿ, ಸೀನಿಯರ್ ಮಾತು ನಂಬಬೇಡಿ. ಹೆಸರಘಟ್ಟದಲ್ಲಿ ಕೇಂದ್ರ ಸಿಹಿನೀರು ಮೀನು ಸಾಕಣೆ ಸಂಸ್ಥೆಯ ಪ್ರಾದೇಶಿಕ ಕೇಂದ್ರ ಇದೆ. ಒಮ್ಮೆ ಹೋಗಿ ನೋಡಿ ಬನ್ನಿ.

ಮಂಗಳೂರಿಗೆ ಹೋದ ಬೆಂಗಳೂರಿನವರಿಗೆ ಒಂದು ಅವಮಾನ ಕಾದಿರುತ್ತದೆ. ಬಂಗುಡೆ, ಬೂತಾಯಿ ತಿನ್ನುವ ಊರಿನಲ್ಲಿ ಕೆರೆ ಮೀನು ಅಂದರೆ ಮೂಗು ಮುರಿಯುತ್ತಾರೆ. ‘ಅಯ್ಯೋ, ಮಣ್ಣಿನ ವಾಸನೆ ಮಾರಾಯ್ತಿ!’ ನಾನು ಮೊದಲು ಜಗಳ ಆಡಿದೆ. ಆಮೇಲೆ ಓದಿದಾಗ ಅವರ ಮಾತು ಸರಿ ಅಂತ ತಿಳಿಯಿತು. ಆ ವಾಸನೆಗೆ ಕಾರಣ ಜಿಯೋಸ್ಮಿನ್ ಅನ್ನುವ ವಸ್ತು. ನೀರಿನ ನೀಲಿ-ಹಸಿರು ಪಾಚಿ ಮತ್ತು ಕೆಲವು ಬ್ಯಾಕ್ಟೀರಿಯಾ ಅದನ್ನು ಮಾಡುತ್ತವೆ, ಮೀನಿನ ಕೊಬ್ಬಿಗೆ ಸೇರುತ್ತದೆ. ಮೊದಲ ಮಳೆಗೆ ನೆಲದಿಂದ ಏಳುವ ವಾಸನೆಯಲ್ಲಿ ಇರುವುದೂ ಅದೇ. ಅಲ್ಲಿ ಕವಿತೆ ಬರೆಯುತ್ತೀರಿ, ಸಾರಿನಲ್ಲಿ ಬಂದರೆ ತಟ್ಟೆ ತಳ್ಳುತ್ತೀರಿ! ಮೀನನ್ನು ಕೆಲವು ದಿನ ಶುದ್ಧ ಹರಿಯುವ ನೀರಿನಲ್ಲಿ ಬಿಟ್ಟರೆ ವಾಸನೆ ಇಳಿಯುತ್ತದೆ. ಮತ್ತೆ, ಜಿಯೋಸ್ಮಿನ್ ಹುಳಿಗೆ ಒಡೆಯುತ್ತದೆ. ದೊಡ್ಡಮ್ಮ ಕೆರೆ ಮೀನಿಗೆ ಹುಣಸೆಹುಳಿ ಕಿವುಚಿ ಹಾಕುತ್ತಿದ್ದರು, ಕಡಲ ಮೀನು ತಂದ ದಿನಕ್ಕಿಂತ ಒಂದು ಹಿಡಿ ಜಾಸ್ತಿಯೇ. ಯಾಕೆ ಅಂತ ಕೇಳಿದ್ದರೆ ‘ಹಂಗೇ ಮಾಡೋದು’ ಅನ್ನುತ್ತಿದ್ದರು.

ಪ್ರಶ್ನೋತ್ತರದಲ್ಲಿ ಹೆಚ್ಚಿನವರು ಸಂಬಳ ಕೇಳಿದರು. ಹೇಳಿದೆ. ಕೊನೆಗೆ ಎದ್ದಿದ್ದು ಕೋಲಾರದ ಕಡೆಯ ಒಬ್ಬ ಹುಡುಗಿ. ‘ಮೇಡಂ, ನಮ್ಮೂರ ಕೆರೆಗೆ ನಿಮ್ಮ ಬೆಂಗಳೂರಿನ ನೀರು ಬರ್ತಿದೆ. ಅದಕ್ಕೆ ಮುಂಚೆ ನಾನು ಆ ಕೆರೇಲಿ ನೀರೇ ನೋಡಿರ್ಲಿಲ್ಲ. ಈಗ ಮೀನಿದೆ. ತಿನ್ನಬಹುದಾ?’

ಕೋರಮಂಗಲ-ಚಲ್ಲಘಟ್ಟ ಕಣಿವೆಯ ಕೊಳಚೆಯನ್ನು ಎರಡು ಹಂತ ಶುದ್ಧಮಾಡಿ 2018ರಿಂದ ಕೋಲಾರದ ಕೆರೆಗಳಿಗೆ ಪಂಪ್ ಮಾಡುತ್ತಿದ್ದಾರೆ. ಇಲ್ಲಿ ನಿಂತುಕೊಂಡು ಹೂಂ ಅಂತಲೋ ಉಹೂಂ ಅಂತಲೋ ಹೇಳಿದರೆ ಅದು ಓದಿದವಳ ಮಾತಾಗುವುದಿಲ್ಲ ಅಂದೆ. ಲೋಹಗಳ ಅಂಶ ಮಾಂಸದಲ್ಲಿ ಎಷ್ಟಿದೆ, ಪಿತ್ತಜನಕಾಂಗದಲ್ಲಿ, ಕಿವಿರಿನಲ್ಲಿ ಎಷ್ಟಿದೆ ಅಂತ ಬೇರೆ ಬೇರೆ ನೋಡಬೇಕು. ಚಿಕ್ಕ ಮೀನು, ದೊಡ್ಡ ಮೀನು, ಮೀನು ತಿನ್ನುವ ಮೀನು ಎಲ್ಲವನ್ನೂ ನೋಡಬೇಕು. ಅದಕ್ಕೆ ಒಳ್ಳೇ ಲ್ಯಾಬ್ ಬೇಕು. ‘ನಿಮ್ಮೂರಲ್ಲಿ ಯಾರಾದರೂ ಕೆರೆ ನೀರನ್ನು ವರ್ಷಪೂರ್ತಿ ನೋಡಿದ್ದಾರಾ?’ ಅಂತ ಕೇಳಿದೆ. ಇಲ್ಲ ಅಂದಳು. ಬ್ಯಾಗಿನಲ್ಲಿ ಪ್ರದರ್ಶನಕ್ಕೆ ಅಂತ ತಂದಿದ್ದ ಎರಡು ಬಾಟಲಿ ಇತ್ತು. ಕೊಟ್ಟೆ. ತಿನ್ನುವ ಪ್ರಶ್ನೆಗೆ ಈ ಬಾಟಲಿ ಉತ್ತರ ಕೊಡಲ್ಲ, ಆದರೆ ಅಲ್ಲಿ ಮೀನು ಹೇಗೆ ಉಸಿರಾಡುತ್ತಿದೆ ಅಂತ ಹೇಳುತ್ತೆ, ಅಲ್ಲಿಂದ ಶುರು ಮಾಡು ಅಂದೆ. ರಾಸಾಯನಿಕಗಳನ್ನು ನಿಮ್ಮ ಲ್ಯಾಬಿನಲ್ಲೇ ಕೊಡುತ್ತಾರೆ, ಕೈಗೆ ಗ್ಲೌಸ್ ಹಾಕಿಕೋ.

‘ಎಷ್ಟು ಹೊತ್ತಿಗೆ ತುಂಬ್ಲಿ ಮೇಡಂ?’

‘ಒಂದು ಸೂರ್ಯ ಹುಟ್ಟೋ ಮುಂಚೆ. ಇನ್ನೊಂದು ಮಧ್ಯಾಹ್ನ ಮೂರಕ್ಕೆ. ಗುಳ್ಳೆ ಇರಬಾರದು.’